ಸುಸ್ತು ಮೊದಲೋ, ನೋವು ಮೊದಲೋ? ತಿಂಗಳುಗಟ್ಟಲೆ ಕಾಡುವ ಮೈಕೈ ನೋವಿಗೂ ದಣಿವಿಗೂ ಇರುವ ನಂಟು

"ಯಾವಾಗಲೂ ಸುಸ್ತೇ? ಮೈಕೈ ನೋವೇ? ಇದು ಕ್ಯಾಲ್ಸಿಯಂ ಕೊರತೆ. ಈ ಪುಡಿಯನ್ನು ಏಳು ದಿನ ಹಾಲಿಗೆ ಹಾಕಿ ಕುಡಿಯಿರಿ, ಎಂಟನೇ ದಿನ ಓಡಾಡುತ್ತೀರಿ. ಹತ್ತು ಜನಕ್ಕೆ ಕಳಿಸಿ."

ಇಂಥ ಸಂದೇಶ ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ಕಳಿಸಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಮನೆಯಲ್ಲಿ ಅವ್ವನೋ ಅತ್ತೆಯೋ ವರ್ಷಗಟ್ಟಲೆ "ಮೈಯೆಲ್ಲ ಬ್ಯಾನಿ, ಕೈಲಾಗವಲ್ದು" ಎನ್ನುತ್ತಿದ್ದರೆ, ಏನಾದರೂ ಒಂದು ದಾರಿ ಸಿಗಲಿ ಎಂದು ಎಲ್ಲರಿಗೂ ಅನಿಸುತ್ತದೆ. ಆದರೆ ಈ ಎರಡು ತೊಂದರೆಗಳ ಹಿಂದೆ ಒಂದೇ ಕಾರಣವಿಲ್ಲ. ಕೆಲವೊಮ್ಮೆ ರಕ್ತ ಕಡಿಮೆ, ಕೆಲವೊಮ್ಮೆ ಕುಡಿಯುವ ನೀರು, ಕೆಲವೊಮ್ಮೆ ನಿದ್ದೆ, ಕೆಲವೊಮ್ಮೆ ನಾವು ನುಂಗುವ ನೋವಿನ ಮಾತ್ರೆಯೇ ಕಾರಣ.

ಗಿಣಿಗೇರಾದಂಥ ಊರನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ನೋಡೋಣ. ಕೊಪ್ಪಳ ಮತ್ತು ಹೊಸಪೇಟೆ ನಡುವಿನ ಈ ಊರಿನ ಸುತ್ತ ಉಕ್ಕು, ಕಬ್ಬಿಣದ ಕಾರ್ಖಾನೆಗಳಿವೆ. ಒಂದು ಕಡೆ ಗಂಗಾವತಿಯ ಭತ್ತದ ಗದ್ದೆ, ಇನ್ನೊಂದು ಕಡೆ ಯಲಬುರ್ಗಾ, ಕುಷ್ಟಗಿಯ ಒಣ ಬೇಸಾಯ. ಇಲ್ಲಿ ಮೈಮುರಿದು ದುಡಿಯದ ಮನೆ ಕಡಿಮೆ. ಹಾಗಾಗಿ ನೋವು, ಸುಸ್ತು ಎರಡನ್ನೂ "ಕೆಲಸ ಮಾಡಿದರೆ ಆಗೋದೇ" ಎಂದು ತಳ್ಳಿಹಾಕುವುದೂ ಜಾಸ್ತಿ.

ಚುಟುಕಾಗಿ ಹೇಳುವುದಾದರೆ

- ದೀರ್ಘಕಾಲದ ನೋವು ಮತ್ತು ಸುಸ್ತು ಒಂದನ್ನೊಂದು ಹೆಚ್ಚಿಸುತ್ತವೆ. ಇದು ನಿಜ, ಸೋಮಾರಿತನವಲ್ಲ.
- ಇವೆರಡರ ನಡುವಿನ ಮುಖ್ಯ ಕೊಂಡಿ ನಿದ್ದೆ.
- ರಕ್ತಹೀನತೆ, ಥೈರಾಯ್ಡ್, ಸಂಧಿವಾತ, ನೀರಿನಲ್ಲಿ ಹೆಚ್ಚಿದ ಫ್ಲೋರೈಡ್ ಮುಂತಾದ ಕಾರಣಗಳನ್ನು ಸರಳ ಪರೀಕ್ಷೆಗಳಿಂದ ಪತ್ತೆ ಹಚ್ಚಬಹುದು.
- ದಿನಾ ನೋವಿನ ಮಾತ್ರೆ, ವಾರಕ್ಕೊಂದು ಸೂಜಿ, ಸುಸ್ತಾದಾಗ ಸಲಾಯಿನ್ ಬಾಟಲಿ: ಇವು ಪರಿಹಾರವಲ್ಲ.

ಯಾವ ನೋವು ದೀರ್ಘಕಾಲದ ನೋವು?

ಕಾಲಿಗೆ ಮುಳ್ಳು ಚುಚ್ಚಿದರೆ ನೋವಾಗುತ್ತದೆ. ಮುಳ್ಳು ತೆಗೆದು, ಗಾಯ ಮಾಗಿದರೆ ನೋವೂ ಹೋಗುತ್ತದೆ. ಇದು ದೇಹ ಕೊಡುವ ಎಚ್ಚರಿಕೆ. ಆದರೆ ಕೆಲವು ನೋವು ಗಾಯ ಮಾಗಿದ ಮೇಲೂ ಉಳಿಯುತ್ತದೆ, ಇಲ್ಲವೇ ಗಾಯವೇ ಇಲ್ಲದಿದ್ದರೂ ಬರುತ್ತದೆ. 3 ತಿಂಗಳಿಗಿಂತ ಹೆಚ್ಚು ಕಾಲ ಇರುವ ಅಥವಾ ಮತ್ತೆ ಮತ್ತೆ ಮರಳುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ದೀರ್ಘಕಾಲದ ನೋವಿಗೆ ತನ್ನದೇ ಸ್ಥಾನ ಸಿಕ್ಕಿದೆ. ಅಂದರೆ ನೋವು ಬೇರೆ ಕಾಯಿಲೆಯ ಲಕ್ಷಣ ಮಾತ್ರವಲ್ಲ, ಕೆಲವರಲ್ಲಿ ನೋವೇ ಒಂದು ಕಾಯಿಲೆ.

ಸುಸ್ತಿನಲ್ಲೂ ಎರಡು ಬಗೆ. ದಿನವಿಡೀ ನಾಟಿ ಹಚ್ಚಿ ಬಂದ ಮೇಲೆ ಆಗುವ ದಣಿವು ಉಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ. ಇನ್ನೊಂದು ಬಗೆಯ ಸುಸ್ತು ಹಾಗಲ್ಲ. ಎಂಟು ತಾಸು ಮಲಗಿದ್ದರೂ ಏಳುವಾಗಲೇ ಮೈ ಭಾರ. ಬಾವಿಯಿಂದ ಒಂದು ಕೊಡ ನೀರು ತಂದರೆ ಕುಳಿತುಬಿಡಬೇಕು ಅನಿಸುತ್ತದೆ. ಹೇಳಿದ್ದು ನೆನಪಿರುವುದಿಲ್ಲ. ನಾವು ಇಲ್ಲಿ ಹೇಳುತ್ತಿರುವುದು ಈ ಎರಡನೇ ಬಗೆಯ ಸುಸ್ತಿನ ಬಗ್ಗೆ.

ನೋವು ಸುಸ್ತನ್ನು ಹೇಗೆ ತರುತ್ತದೆ?

ಮೊದಲನೆಯದು, ನಿದ್ದೆ. ಮಗ್ಗುಲು ಬದಲಿಸಿದಾಗಲೆಲ್ಲ ಸೊಂಟ ಹಿಡಿದರೆ ನಿದ್ದೆ ತುಂಡು ತುಂಡಾಗುತ್ತದೆ. ಬೆಳಿಗ್ಗೆ "ಮಲಗಿದ್ದೆ" ಅನಿಸಿದರೂ ಗಾಢ ನಿದ್ದೆ ಆಗಿರುವುದಿಲ್ಲ.

ಎರಡನೆಯದು, ಉರಿಯೂತ. ಜ್ವರ ಬಂದಾಗ ಮೈಕೈ ನೋವು, ನಿಶ್ಶಕ್ತಿ, ಮಂಕು ಎಲ್ಲ ಒಟ್ಟಿಗೇ ಬರುವುದನ್ನು ನೀವು ಗಮನಿಸಿರಬಹುದು. ರೋಗದ ವಿರುದ್ಧ ಹೋರಾಡುವಾಗ ದೇಹ ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತದೆ. ಅವು ಮಿದುಳಿಗೆ "ಮಲಗು, ಶಕ್ತಿ ಉಳಿಸು" ಎಂಬ ಸುದ್ದಿ ಮುಟ್ಟಿಸುತ್ತವೆ. ಜ್ವರ ಎರಡು ಮೂರು ದಿನದ್ದು. ಆದರೆ ರುಮಟಾಯ್ಡ್ ಸಂಧಿವಾತದಂಥ ಕಾಯಿಲೆಯಲ್ಲಿ ಈ ಸುದ್ದಿ ತಿಂಗಳುಗಟ್ಟಲೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ಸಂಧಿವಾತದವರಿಗೆ ಕೀಲುಗಳಷ್ಟೇ ಅಲ್ಲ, ಇಡೀ ದೇಹವೇ ದಣಿಯುತ್ತದೆ.

ಮೂರನೆಯದು, ಸ್ನಾಯುಗಳು. ನೋಯುತ್ತದೆಂದು ಓಡಾಟ ಕಡಿಮೆ ಮಾಡಿದರೆ ಕೆಲವೇ ವಾರಗಳಲ್ಲಿ ಸ್ನಾಯುಗಳ ಬಲ ತಗ್ಗುತ್ತದೆ. ಆಮೇಲೆ ಮೊದಲು ಸಲೀಸಾಗಿದ್ದ ಕೆಲಸಕ್ಕೂ ಏದುಸಿರು. ಒಂದು ಮೊಣಕಾಲು ನೋಯುತ್ತಿದ್ದರೆ ಇನ್ನೊಂದು ಕಾಲಿನ ಮೇಲೆ ಭಾರ ಹಾಕಿ ನಡೆಯುತ್ತೇವೆ. ಹಾಗೆ ಓರೆಯಾಗಿ ನಡೆಯುವುದಕ್ಕೂ ಹೆಚ್ಚು ಶಕ್ತಿ ಬೇಕು.

ನಾಲ್ಕನೆಯದು, ಮನಸ್ಸು. ನೋವನ್ನು ತಡೆದುಕೊಂಡು ರೊಟ್ಟಿ ಬಡಿಯುವುದು, ಮಕ್ಕಳೊಂದಿಗೆ ನಗುವುದು, ಮೇಸ್ತ್ರಿಯ ಮುಂದೆ ಏನೂ ಆಗಿಲ್ಲವೆಂಬಂತೆ ಇರುವುದು, ಇವೆಲ್ಲ ಮಿದುಳಿಗೆ ಕೆಲಸವೇ. ದಿನದ ಕೊನೆಗೆ ಆ ಕೆಲಸದ ದಣಿವೂ ಸೇರಿಕೊಳ್ಳುತ್ತದೆ.

ಸುಸ್ತು ನೋವನ್ನು ಹೆಚ್ಚಿಸುತ್ತದೆಯೇ?

ಹೌದು. ಇದಕ್ಕೆ ಹಳೆಯ, ಸರಳ ಪ್ರಯೋಗವೊಂದಿದೆ. 1975ರಲ್ಲಿ ಕೆನಡಾದ ಹಾರ್ವೆ ಮಾಲ್ಡಾಫ್ಸ್ಕಿ ಮತ್ತು ಅವರ ಸಂಗಡಿಗರು ಆರೋಗ್ಯವಂತರನ್ನೇ ಆರಿಸಿ, ಅವರು ಗಾಢ ನಿದ್ದೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಆ ನಿದ್ದೆಯನ್ನು ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು, ಒತ್ತಿದರೆ ನೋಯುವುದು, ಸುಸ್ತು ಶುರುವಾಯಿತು. ನೆಮ್ಮದಿಯಾಗಿ ಮಲಗಲು ಬಿಟ್ಟ ಮೇಲೆ ಅದು ಇಳಿಯಿತು.

ನಮ್ಮ ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಕೆಲವು ನರಮಾರ್ಗಗಳು ನೋವಿನ ಸಂಕೇತವನ್ನು ತಗ್ಗಿಸುವ ಕೆಲಸ ಮಾಡುತ್ತವೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೆ ಒಂದು 'ಬಾಗಿಲು' ಇದೆ, ಅದು ತೆರೆಯುತ್ತದೆ, ಮುಚ್ಚುತ್ತದೆ ಎಂದು ವಿವರಿಸಿದ್ದರು. ನಿದ್ದೆಗೆಟ್ಟಾಗ ಈ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ನಿನ್ನೆ ಅಷ್ಟೇನೂ ಅನಿಸದ ನೋವು ಇಂದು ದೊಡ್ಡದಾಗುತ್ತದೆ. ನೋವಿನಿಂದ ನಿದ್ದೆ ಕೆಡುವುದಕ್ಕಿಂತ, ನಿದ್ದೆ ಕೆಟ್ಟು ನೋವು ಹೆಚ್ಚುವುದೇ ಬಲವಾಗಿ ಕಾಣುತ್ತದೆ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ.

ಇಲ್ಲಿ ಗಿಣಿಗೇರಾ ನೆನಪಾಗುತ್ತದೆ. ಉಕ್ಕಿನ ಕಾರ್ಖಾನೆಯ ಕುಲುಮೆ ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸುವ ಒಲೆಯಲ್ಲ. ಅದು ಹಗಲೂ ರಾತ್ರಿ ಉರಿಯುತ್ತಿರಬೇಕು. ಹಾಗಾಗಿ ಇಂಥ ಕಡೆ ಶಿಫ್ಟ್ ಕೆಲಸ ತಪ್ಪದು. ಈ ವಾರ ಹಗಲು, ಮುಂದಿನ ವಾರ ರಾತ್ರಿ ಎಂದು ಬದಲಾದಾಗ ದೇಹದ ಒಳಗಿನ ಗಡಿಯಾರ ತಾಳ ತಪ್ಪುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವರು ತಗಡಿನ ಮನೆಯಲ್ಲಿ, ಬೇಸಿಗೆಯ ಹಗಲಿನಲ್ಲಿ ಎಷ್ಟು ಮಲಗಿಯಾರು? ಅವರ ಬೆನ್ನು ನೋವಿಗೆ ಬೆನ್ನಿನ ಎಕ್ಸ್‌ರೇ ಒಂದೇ ಉತ್ತರ ಕೊಡುವುದಿಲ್ಲ. ಅವರ ನಿದ್ದೆಯನ್ನೂ ವಿಚಾರಿಸಬೇಕು.

ಹಾಗೆಯೇ ಮನೆಯ ಹೆಣ್ಣುಮಕ್ಕಳು. ಎಲ್ಲರಿಗಿಂತ ಮೊದಲು ಏಳುವವರು ಅವರೇ, ಕೊನೆಗೆ ಮಲಗುವವರೂ ಅವರೇ. ನೀರು ರಾತ್ರಿ ಬಂದರೆ ರಾತ್ರಿಯೇ ಏಳಬೇಕು. ಕಾರ್ಖಾನೆಯ ಶಿಫ್ಟಿಗೆ ಲೆಕ್ಕವಾದರೂ ಇದೆ, ಈ ಶಿಫ್ಟಿಗೆ ಅದೂ ಇಲ್ಲ.

"ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ನೋವು": ಇದು ನಾಟಕವೇ?

ಅಲ್ಲ. ರೇಡಿಯೊದ ವಾಲ್ಯೂಮ್ ಹೆಚ್ಚಿಟ್ಟರೆ ಮೆಲ್ಲಗೆ ಹಾಡಿದ್ದೂ ಜೋರಾಗಿ ಕೇಳುವಂತೆ, ಕೆಲವರಲ್ಲಿ ನೋವಿನ ನರವ್ಯೂಹವೇ ಅತಿ ಚುರುಕಾಗಿರುತ್ತದೆ. ಆಗ ಸಣ್ಣ ಒತ್ತಡವೂ ನೋವಾಗಿ ತೋರುತ್ತದೆ. ಎಕ್ಸ್‌ರೇ, ರಕ್ತಪರೀಕ್ಷೆ ಎರಡರಲ್ಲೂ ಏನೂ ಕಾಣುವುದಿಲ್ಲ. ಏಕೆಂದರೆ ತೊಂದರೆ ಮೂಳೆಯಲ್ಲಿಲ್ಲ, ಸಂಕೇತ ಸಾಗುವ ದಾರಿಯಲ್ಲಿದೆ.

ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆ ಇದಕ್ಕೆ ಉದಾಹರಣೆ. ಮೈಯ ಹಲವು ಕಡೆ ನೋವು, ಸುಸ್ತು, ಮಲಗಿ ಎದ್ದರೂ ತಾಜಾ ಅನಿಸದಿರುವುದು, ಮರೆವು ಇದರ ಲಕ್ಷಣಗಳು. ಹೆಂಗಸರಲ್ಲಿ ಇದು ಹೆಚ್ಚಾಗಿ ಪತ್ತೆಯಾಗುತ್ತದೆ. 2010ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಇದನ್ನು ಗುರುತಿಸುವ ಹೊಸ ಮಾನದಂಡ ಕೊಟ್ಟಾಗ, ನೋವಿನ ಜಾಗಗಳ ಜೊತೆಗೆ ಸುಸ್ತು ಮತ್ತು ನಿದ್ದೆಯನ್ನೂ ಲೆಕ್ಕಕ್ಕೆ ಸೇರಿಸಿತು. ಅಂದರೆ ಇಲ್ಲಿ ಸುಸ್ತು ನೋವಿನ ಬಾಲವಲ್ಲ, ಕಾಯಿಲೆಯದೇ ಒಂದು ಭಾಗ.

"ಕೆಲಸ ತಪ್ಪಿಸಿಕೊಳ್ಳೋಕೆ ನೆಪ" ಎಂದು ಆಡುವ ಒಂದು ಮಾತು ಇಂಥವರನ್ನು ಎಷ್ಟು ಕುಗ್ಗಿಸುತ್ತದೆ ಎಂಬುದನ್ನು ನಾವು ಯೋಚಿಸುವುದೇ ಇಲ್ಲ.

ಎರಡನ್ನೂ ಒಟ್ಟಿಗೆ ತರುವ ಕಾಯಿಲೆಗಳು

ನೋವು, ಸುಸ್ತು ಎರಡೂ ಇದ್ದರೆ ಮೊದಲು ಇವುಗಳನ್ನು ನೋಡಿಸಬೇಕು.

ರಕ್ತಹೀನತೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಇದು ಹತ್ತಿರಹತ್ತಿರ ಅರ್ಧದಷ್ಟು. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ರಕ್ತ ಕಡಿಮೆಯಾದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದು. ಸ್ವಲ್ಪ ಕೆಲಸಕ್ಕೇ ಕಾಲು ಸೆಳೆತ, ಏದುಸಿರು.

ಥೈರಾಯ್ಡ್ ಕೊರತೆ: ಸುಸ್ತು, ಸ್ನಾಯು ನೋವು, ತೂಕ ಹೆಚ್ಚುವುದು, ಮಲಬದ್ಧತೆ, ಚಳಿ ತಡೆಯಲಾಗದಿರುವುದು. ಟಿಎಸ್‌ಎಚ್ ಎಂಬ ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ವಿಟಮಿನ್ ಡಿ, ಬಿ12 ಕೊರತೆ ಮತ್ತು ಸಕ್ಕರೆ ಕಾಯಿಲೆ: ಕೊರತೆಯಿಂದ ಮೂಳೆ, ಸ್ನಾಯು ನೋವು, ಜೋಮು ಬರಬಹುದು. ಸಕ್ಕರೆ ಕಾಯಿಲೆ ನರಗಳಿಗೆ ತಗುಲಿದರೆ ಪಾದ ಉರಿಯುತ್ತದೆ.

ರುಮಟಾಯ್ಡ್ ಸಂಧಿವಾತ: ಬೆರಳುಗಳ ಸಣ್ಣ ಕೀಲು ಊದಿ, ಬೆಳಿಗ್ಗೆ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಬಿಗಿದುಕೊಂಡಿದ್ದರೆ ತಡಮಾಡಬೇಡಿ. ಬೇಗ ಚಿಕಿತ್ಸೆ ಶುರುಮಾಡಿದರೆ ಕೀಲು ಸೊಟ್ಟಗಾಗುವುದನ್ನು ತಡೆಯಬಹುದು.

ಚಿಕೂನ್‌ಗುನ್ಯಾ: 2006ರಲ್ಲಿ ದೇಶದಲ್ಲೇ ಅತಿ ಹೆಚ್ಚು ಶಂಕಿತ ಪ್ರಕರಣ ವರದಿಯಾದದ್ದು ಕರ್ನಾಟಕದಲ್ಲಿ, 7.5 ಲಕ್ಷಕ್ಕೂ ಹೆಚ್ಚು. ಗೋಡೆ ಹಿಡಿದು ನಡೆದ ಆ ದಿನಗಳು ಹಳ್ಳಿಗಳಲ್ಲಿ ಇನ್ನೂ ನೆನಪಿವೆ. ಈ ಹೆಸರು ಆಫ್ರಿಕಾದ ಮಕೊಂಡೆ ಭಾಷೆಯದು, 'ಬಾಗಿಸುವಂಥದು' ಎಂಬ ಅರ್ಥ ಬರುತ್ತದೆ. ಜ್ವರ ವಾರದಲ್ಲಿ ಹೋದರೂ ಕೆಲವರಲ್ಲಿ ಕೀಲು ನೋವು, ಸುಸ್ತು ತಿಂಗಳುಗಟ್ಟಲೆ ಉಳಿಯುತ್ತದೆ.

ಬ್ರುಸೆಲ್ಲೋಸಿಸ್: ಕುರಿ, ಆಡು, ದನಗಳಿಂದ ಹರಡುವ ಸೋಂಕು. ಬಂದು ಹೋಗುವ ಜ್ವರ, ಬೆವರು, ಸೊಂಟ ಮತ್ತು ಕೀಲು ನೋವು, ವಿಪರೀತ ನಿಶ್ಶಕ್ತಿ. ಕುರಿ ಸಾಕುವವರು, ಹಸಿ ಹಾಲು ಕುಡಿಯುವವರು ವೈದ್ಯರಿಗೆ ಆ ವಿಷಯ ಹೇಳಬೇಕು. ಹಾಲು ಕಾಯಿಸಿ ಕುಡಿಯಿರಿ.

ಖಿನ್ನತೆ: ಇದು ಕೆಲವರಲ್ಲಿ ಅಳುವಾಗಿ ಬರುವುದಿಲ್ಲ, ಮೈಕೈ ನೋವಾಗಿ, ಸುಸ್ತಾಗಿ, ನಿದ್ದೆಗೇಡಾಗಿ ಬರುತ್ತದೆ. ವರ್ಷಗಟ್ಟಲೆ ನೋವುಂಡವರಿಗೂ ಖಿನ್ನತೆ ಬರಬಹುದು.

ಕೊಪ್ಪಳ ಜಿಲ್ಲೆಯವರು ಕೇಳಲೇಬೇಕಾದ ಪ್ರಶ್ನೆ: ನೀವು ಕುಡಿಯುವ ನೀರು ಯಾವುದು?

ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ರಾಜ್ಯದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಕುಷ್ಟಗಿ, ಯಲಬುರ್ಗಾ ಭಾಗದ ಕೊಳವೆಬಾವಿಗಳಲ್ಲಿ ಈ ತೊಂದರೆ ಹಿಂದಿನಿಂದಲೂ ಇದೆ. ಇದು ಯಾರೋ ಬೆರೆಸಿದ್ದಲ್ಲ. ಇಲ್ಲಿನ ಗ್ರಾನೈಟ್, ನೈಸ್ ಬಂಡೆಗಳ ಖನಿಜಗಳಿಂದ ನೀರಿಗೆ ಇಳಿಯುವುದು.

ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಲೀಟರಿಗೆ 3ರಿಂದ 6 ಮಿಲಿಗ್ರಾಂ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗಳಿಗೆ ತೊಂದರೆ ಕಾಣಿಸಿಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬಿಸಿಲಿನಲ್ಲಿ ದುಡಿಯುವವರು ಕುಡಿಯುವ ನೀರೂ ಹೆಚ್ಚು, ಹಾಗಾಗಿ ಒಳಹೋಗುವ ಫ್ಲೋರೈಡೂ ಹೆಚ್ಚು.

ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಮೂಡುವುದು ಮೊದಲ ಸುಳಿವು. ದೊಡ್ಡವರಲ್ಲಿ ಕುತ್ತಿಗೆ, ಬೆನ್ನು, ಸೊಂಟ, ಮೊಣಕಾಲು ಬಿಗಿಯುತ್ತವೆ. ಕುತ್ತಿಗೆ ತಿರುಗಿಸಲು ಮೈಯನ್ನೇ ತಿರುಗಿಸಬೇಕಾಗುತ್ತದೆ. ನೆಲದ ಮೇಲಿನ ಕಾಸು ಎತ್ತಲು ಬಗ್ಗಲಾಗುವುದಿಲ್ಲ. ಇಂಥವರಲ್ಲಿ ಸುಸ್ತೂ ಸಾಮಾನ್ಯ ದೂರು. ಬಿಗಿದ ಬೆನ್ನಿನಲ್ಲಿ ನಿದ್ದೆ ಎಲ್ಲಿಂದ ಬರಬೇಕು?

ಭಾರತದಲ್ಲಿ ಇದನ್ನು ಮೊದಲು ವೈದ್ಯಕೀಯವಾಗಿ ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಕೇಂದ್ರ ಸರ್ಕಾರ ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದ್ದು 2008-09ರಲ್ಲಿ.

ಇಲ್ಲಿ ಮೂರು ಮಾತು ನೆನಪಿರಲಿ.

- ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿದ ನೀರಿನಲ್ಲೇ ಇರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.
- ಮೂಳೆಗೆ ಸೇರಿದ್ದನ್ನು ತೆಗೆಯುವ ಪುಡಿ, ಕಷಾಯ ಯಾವುದೂ ಇಲ್ಲ. ಆದರೆ ನೀರು ಬದಲಿಸಿದರೆ ಕಾಯಿಲೆ ಮುಂದುವರಿಯುವುದನ್ನು ತಡೆಯಬಹುದು. ಹಾಲು, ರಾಗಿ, ಸೊಪ್ಪು, ನಿಂಬೆ, ನೆಲ್ಲಿಕಾಯಿ ಇರುವ ಊಟ ಸಹಾಯಕ್ಕೆ ಬರುತ್ತದೆ.
- ಜಿಲ್ಲೆಯ ಎಲ್ಲ ನೋವಿಗೂ ಫ್ಲೋರೈಡೇ ಕಾರಣವಲ್ಲ. ನದಿ ನೀರು ಕುಡಿಯುವವರ ಮೊಣಕಾಲು ನೋವಿಗೆ ಬೇರೆ ಕಾರಣ ಇದ್ದೀತು. ಊಹೆ ಬೇಡ, ನೀರು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಜಲಜೀವನ್ ಮಿಷನ್ ಅಡಿ ಸ್ಥಳದಲ್ಲೇ ಪರೀಕ್ಷಿಸುವ ಕಿಟ್‌ಗಳಿವೆ.

ಇನ್ನು ಕಾರ್ಖಾನೆಗಳ ಹೊಗೆ, ಧೂಳಿನ ಪ್ರಶ್ನೆ. ಧೂಳು ಶ್ವಾಸಕೋಶಕ್ಕೆ ತೊಂದರೆ ಕೊಡುತ್ತದೆ, ಉಸಿರು ಸಾಲದಿದ್ದರೆ ಸುಸ್ತೂ ಆಗುತ್ತದೆ. ಕೆಮ್ಮು, ಏದುಸಿರಿನ ಜೊತೆ ಸುಸ್ತಿದ್ದರೆ ಎದೆಯ ಪರೀಕ್ಷೆ ಮಾಡಿಸಿ. ಆದರೆ ಮೊಣಕಾಲು ನೋವಿಗೆ ಹೊಗೆಯೇ ಕಾರಣ ಎಂದು ತೀರ್ಮಾನಿಸಿ ಚಿಕಿತ್ಸೆ ಬಿಡಬೇಡಿ.

ಮಾತ್ರೆಯೇ ಸುಸ್ತಿಗೆ ಕಾರಣವಾದರೆ?

ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಎರಡು ಮೂರು ದಿನಕ್ಕೆ, ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಉಪಯುಕ್ತ. ಆದರೆ ಮೆಡಿಕಲ್ ಶಾಪಿನಿಂದ ತಂದು ದಿನಾ ನುಂಗಿದರೆ ಹೊಟ್ಟೆಯ ಒಳಪದರದಲ್ಲಿ ಹುಣ್ಣಾಗಬಹುದು. ಹುಣ್ಣಿನಿಂದ ಗೊತ್ತಾಗದಂತೆ ಸ್ವಲ್ಪ ಸ್ವಲ್ಪವೇ ರಕ್ತ ಜಿನುಗುತ್ತದೆ. ರಕ್ತ ಕಡಿಮೆಯಾಗುತ್ತದೆ. ಸುಸ್ತು ಹೆಚ್ಚುತ್ತದೆ. ಸುಸ್ತಾದ ಮೈ ಇನ್ನಷ್ಟು ನೋಯುತ್ತದೆ. ಮತ್ತೆ ಮಾತ್ರೆ! ನೋವಿಗೆಂದು ನುಂಗಿದ್ದೇ ನೋವಿನ ಚಕ್ರವನ್ನು ತಿರುಗಿಸುತ್ತಿರುತ್ತದೆ.

ಇದೇ ಮಾತ್ರೆಗಳು ಮೂತ್ರಪಿಂಡಕ್ಕೂ ಭಾರ. ಬಿಸಿಲಿನಲ್ಲಿ, ಕುಲುಮೆಯ ಶಾಖದಲ್ಲಿ ಬೆವರಿ ದೇಹದ ನೀರು ಕಡಿಮೆಯಾದಾಗ ನುಂಗಿದರೆ ಅಪಾಯ ಇನ್ನೂ ಹೆಚ್ಚು. ಬಿಪಿ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಹೊಸದಾಗಿ ಜ್ವರ, ಮೈಕೈ ನೋವು ಬಂದಾಗಲೂ ಈ ಮಾತ್ರೆ ಬೇಡ. ಡೆಂಗಿ ಆಗಿದ್ದರೆ ರಕ್ತಸ್ರಾವದ ಭಯವಿದೆ.

ಇನ್ನೊಂದು ಅಪಾಯ ಹೆಸರಿಲ್ಲದ ಪುಡಿ, ಹೆಸರು ಹೇಳದ ಸೂಜಿ. "ಒಂದೇ ದಿನಕ್ಕೆ ನೋವು ಮಾಯ" ಎನ್ನುವ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ. ಮೊದಲು ಹೊಸ ಜೀವ ಬಂದಂತೆ ಅನಿಸುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಇಂಥದ್ದನ್ನು ಬಹಳ ದಿನ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಆ ಪೊಟ್ಟಣವನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ.

ಫಾರ್ವರ್ಡ್‌ಗಳಲ್ಲಿ ಬರುವ ಮಾತು, ಅದರ ನಿಜ

"ಸುಸ್ತಾದರೆ ಒಂದು ಬಾಟಲಿ ಸಲಾಯಿನ್ ಹಾಕಿಸಿ, ಶಕ್ತಿ ಬರುತ್ತದೆ."
ಅರ್ಧ ಲೀಟರಿನ ಸಾಮಾನ್ಯ ಸಲಾಯಿನ್‌ನಲ್ಲಿರುವುದು ನೀರು ಮತ್ತು 4.5 ಗ್ರಾಂ ಉಪ್ಪು. ಶೇ. 5ರ ಗ್ಲುಕೋಸ್ ಬಾಟಲಿಯಾದರೆ 25 ಗ್ರಾಂ ಸಕ್ಕರೆ. ಒಂದು ಜೋಳದ ರೊಟ್ಟಿಯಲ್ಲೇ ಅದಕ್ಕಿಂತ ಹೆಚ್ಚು ಶಕ್ತಿ ಇದೆ. ವಾಂತಿ ಭೇದಿಯಿಂದ ನೀರು ಕಳೆದುಕೊಂಡವರಿಗೆ ಸಲಾಯಿನ್ ಜೀವ ಉಳಿಸುತ್ತದೆ. ತಿಂಗಳುಗಳ ಸುಸ್ತಿಗೆ ಅದು ಮದ್ದಲ್ಲ.

"ಮೈಕೈ ನೋವೆಂದರೆ ಕ್ಯಾಲ್ಸಿಯಂ ಕೊರತೆ."
ಕೆಲವರಲ್ಲಿ ಇರಬಹುದು, ಎಲ್ಲರಲ್ಲೂ ಅಲ್ಲ. ಪರೀಕ್ಷೆಯಿಲ್ಲದೆ ವರ್ಷಗಟ್ಟಲೆ ಮಾತ್ರೆ ನುಂಗಿದರೆ ನಿಜವಾದ ಕಾರಣ ಹಿಂದೆಯೇ ಉಳಿಯುತ್ತದೆ.

"ನೋವಿದ್ದರೆ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಬೇಕು."
ಮುರಿತ, ಹೊಸ ಗಾಯಕ್ಕೆ ಸರಿ. ದೀರ್ಘಕಾಲದ ನೋವಿಗೆ ಹಾಸಿಗೆ ಹಿಡಿದರೆ ನೋವು, ಸುಸ್ತು ಎರಡೂ ಹೆಚ್ಚುತ್ತವೆ.

"ಡಾಕ್ಟರ್ ಕೊಟ್ಟದ್ದು ಹುಚ್ಚಿನ ಮಾತ್ರೆ, ಬಿಟ್ಟುಬಿಡಿ."
ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್‌ನಂಥ ಔಷಧಿಗಳು ಖಿನ್ನತೆಗೆ ಬಂದವು, ನಿಜ. ಆದರೆ ಅವು ನೋವನ್ನು ತಗ್ಗಿಸುವ ನರಮಾರ್ಗಕ್ಕೂ ಬಲ ಕೊಡುತ್ತವೆ. ಅದಕ್ಕೇ ನೋವಿನ ರೋಗಿಗಳಿಗೂ ಕೊಡುತ್ತಾರೆ. ಕೇಳದೆ ನಿಲ್ಲಿಸಬೇಡಿ.

ಹಾಗಾದರೆ ನಾವು ಏನು ಮಾಡಬಹುದು?

ಒಂದು: ಪರೀಕ್ಷೆ ಮಾಡಿಸಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್, ಸಕ್ಕರೆ, ಬಿಪಿ ನೋಡಿಸಿ. ಅಗತ್ಯವಿದ್ದರೆ ಥೈರಾಯ್ಡ್, ಇಎಸ್‌ಆರ್, ಮೂತ್ರಪಿಂಡದ ಪರೀಕ್ಷೆಯನ್ನು ವೈದ್ಯರು ಬರೆಯುತ್ತಾರೆ. ಹೆಚ್ಚಿನ ತಪಾಸಣೆಗೆ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ನೋವನ್ನಷ್ಟೇ ಹೇಳಿ ಬರಬೇಡಿ. ನಿದ್ದೆ, ಸುಸ್ತು, ಕುಡಿಯುವ ನೀರು, ನುಂಗುವ ಮಾತ್ರೆ, ಕೆಲಸದ ಪಾಳಿ, ಈ ಐದನ್ನೂ ಹೇಳಿ.

ಎರಡು: ಕೆಲಸವನ್ನು ಹಂಚಿ ಮಾಡಿ. ನೋವು ಕಡಿಮೆ ಇದ್ದ ದಿನ ಬಟ್ಟೆ, ರೊಟ್ಟಿ, ಕಳೆ, ಸಂತೆ ಎಲ್ಲವನ್ನೂ ಮುಗಿಸಿ, ಮುಂದಿನ ಮೂರು ದಿನ ಮಲಗುವುದು ಬಹಳ ಜನರ ರೂಢಿ. ಅದರ ಬದಲು ಇಪ್ಪತ್ತು ನಿಮಿಷ ಕೆಲಸ, ಐದು ನಿಮಿಷ ಬಿಡುವು. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಆದಷ್ಟು ಅಷ್ಟೇ.

ಮೂರು: ನಿಧಾನವಾಗಿ ನಡೆಯಲು ಶುರುಮಾಡಿ. ಫೈಬ್ರೊಮಯಾಲ್ಜಿಯಾಕ್ಕೆ ಯುರೋಪಿನ ತಜ್ಞರು ಪರಿಷ್ಕರಿಸಿದ ಸಲಹೆಗಳಲ್ಲಿ ಎಲ್ಲಕ್ಕಿಂತ ಬಲವಾಗಿ ಹೇಳಿದ್ದು ವ್ಯಾಯಾಮವನ್ನೇ. ದಿನಕ್ಕೆ ಐದು ನಿಮಿಷದಿಂದ ಆರಂಭಿಸಿ, ವಾರಕ್ಕೆ ಒಂದೆರಡು ನಿಮಿಷ ಹೆಚ್ಚಿಸಿದರೆ ಸಾಕು. "ದಿನವಿಡೀ ಹೊಲದಲ್ಲಿ ದುಡಿಯುತ್ತೇವೆ, ಮತ್ತೇಕೆ ನಡಿಗೆ?" ಎಂದು ಕೇಳಬಹುದು. ಬಗ್ಗಿ ಒಂದೇ ಭಂಗಿಯಲ್ಲಿ ದುಡಿಯುವುದು ಕೆಲವೇ ಸ್ನಾಯುಗಳನ್ನು ದಣಿಸುತ್ತದೆ. ಅಂಥವರಿಗೆ ಬೆನ್ನು ನೆಟ್ಟಗೆ ಮಾಡಿ ಕೈಕಾಲು ಚಾಚುವ ವ್ಯಾಯಾಮ ಒಳ್ಳೆಯದು. ಒಂದು ಎಚ್ಚರಿಕೆ: ಸ್ವಲ್ಪ ಶ್ರಮಪಟ್ಟರೂ ಮರುದಿನದಿಂದ ದಿನಗಟ್ಟಲೆ ಏಳಲಾಗದಷ್ಟು ಸುಸ್ತಾಗುವವರು ವ್ಯಾಯಾಮ ಹೆಚ್ಚಿಸಬಾರದು. ಅದು ದೀರ್ಘಕಾಲದ ದಣಿವಿನ ಬೇರೆಯೇ ಕಾಯಿಲೆ ಇರಬಹುದು. ವೈದ್ಯರಿಗೆ ಹೇಳಿ.

ನಾಲ್ಕು: ನಿದ್ದೆಯನ್ನು ಕಾಪಾಡಿ. ಏಳುವ ಹೊತ್ತು ಒಂದೇ ಇರಲಿ. ಸಂಜೆಯ ಮೇಲೆ ಚಹಾ ಬೇಡ. ಮಲಗುವ ಮುಂಚೆ ಮೊಬೈಲ್ ದೂರವಿಡಿ (ಈ ಲೇಖನವನ್ನೂ ಬೆಳಿಗ್ಗೆ ಓದಿದರಾಯಿತು). ರಾತ್ರಿ ಪಾಳಿಯವರು ಹಗಲು ಮಲಗುವಾಗ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಕತ್ತಲೆ ಮಾಡಿಕೊಳ್ಳಿ. ಆ ಹೊತ್ತು ಮನೆಯವರು ಎಬ್ಬಿಸದಿರಲಿ. ಕುಡಿದರೆ ನಿದ್ದೆ ಬರುತ್ತದೆ ಎನ್ನುವುದು ತಪ್ಪು. ಮದ್ಯ ನಡುರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ, ನೋವಿನ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯನ್ನೂ ಕೆಡಿಸುತ್ತದೆ.

ಐದು: ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಪೂರ್ತಿ ಮುಗಿಸಿ. ಚಹಾದ ಜೊತೆ ನುಂಗಬೇಡಿ, ಕಬ್ಬಿಣ ದೇಹಕ್ಕೆ ಸೇರುವುದಿಲ್ಲ. ನಿಂಬೆ ಪಾನಕದ ಜೊತೆ ಒಳ್ಳೆಯದು.

ಆರು: ಮನಸ್ಸು ಸೋತಿದ್ದರೆ ಹೇಳಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇವಿದ್ದರೆ ಕಾಯಬೇಡಿ

- ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆ ಜ್ವರ, ರಾತ್ರಿ ಬೆವರು, ಎರಡು ವಾರ ಮೀರಿದ ಕೆಮ್ಮು
- ಕಪ್ಪು ಮಲ ಅಥವಾ ರಕ್ತ ವಾಂತಿ
- ಕಾಲುಗಳಲ್ಲಿ ಬಲ ಹೋಗುವುದು, ಮಲಮೂತ್ರದ ಹಿಡಿತ ತಪ್ಪುವುದು
- ಕೀಲು ಕೆಂಪಾಗಿ ಊದಿ ಜ್ವರ ಬರುವುದು
- ನಡೆದರೆ ಎದೆ ಹಿಡಿದಂತಾಗುವುದು, ಎಡಗೈ ಅಥವಾ ದವಡೆಗೆ ನೋವು ಹರಡುವುದು
- ಮೂತ್ರ ಕಡಿಮೆಯಾಗಿ ಕಾಲು, ಮುಖ ಊದುವುದು
- ಬದುಕೇ ಬೇಡ ಅನಿಸುವುದು

ಕೊನೆಗೆ

ನೋವು ಮೊದಲೋ ಸುಸ್ತು ಮೊದಲೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅವೆರಡೂ ಒಂದು ಚಕ್ಕಡಿಯ ಎರಡು ಗಾಲಿ ಇದ್ದಂತೆ. ಸಮಾಧಾನದ ಸಂಗತಿ ಎಂದರೆ, ಯಾವ ಗಾಲಿಯನ್ನು ತಡೆದರೂ ಬಂಡಿಯ ವೇಗ ತಗ್ಗುತ್ತದೆ. ನಿದ್ದೆ ಸುಧಾರಿಸಿದರೆ ನೋವು ಇಳಿಯುತ್ತದೆ. ರಕ್ತ ಹೆಚ್ಚಿದರೆ ದಣಿವು ಇಳಿಯುತ್ತದೆ. ನೀರು ಬದಲಾದರೆ ಮುಂದಿನ ಪೀಳಿಗೆಯ ಬೆನ್ನು ಉಳಿಯುತ್ತದೆ.

ಪುಡಿಯ ಫಾರ್ವರ್ಡ್ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಮನೆಯಲ್ಲಿ ನೋವು ತಿನ್ನುತ್ತಿರುವವರ ಹತ್ತಿರ ಕುಳಿತು ಮೂರು ಮಾತು ಕೇಳಿ: ರಾತ್ರಿ ನಿದ್ದೆ ಬರುತ್ತದೆಯೇ? ರಕ್ತ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು? ದಿನಾ ಯಾವ ಮಾತ್ರೆ ನುಂಗುತ್ತೀರಿ? ಹತ್ತು ಜನಕ್ಕೆ ಸಂದೇಶ ಕಳಿಸುವುದಕ್ಕಿಂತ ಈ ಮೂರು ಪ್ರಶ್ನೆಯಿಂದ ಆಗುವ ಉಪಕಾರ ದೊಡ್ಡದು.

ಗಮನಿಸಿ: ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ಔಷಧಿ ಶುರುಮಾಡುವ, ನಿಲ್ಲಿಸುವ ಅಥವಾ ಬದಲಿಸುವ ಮೊದಲು ವೈದ್ಯರನ್ನು ಕೇಳಿ.